ಚಿನ್ನದೂರಿಗೆ ನೀರು ಕೊಟ್ಟ ಊರು

‘ಕೆ.ಜಿ.ಎಫ್.’ ಚಿತ್ರವನ್ನು ನೀವು ಎಷ್ಟು ಸಲ ನೋಡಿದ್ದೀರಿ? ಎರಡು ಸಲ? ನಾಲ್ಕು ಸಲ? ಹತ್ತು ಸಲ ನೋಡಿದ ಪುಣ್ಯಾತ್ಮರೂ ನಮ್ಮ ಓದುಗರಲ್ಲಿ ಇದ್ದಾರೆಂದು ನನಗೆ ಗೊತ್ತು. 2018ರ ಡಿಸೆಂಬರಿನಲ್ಲಿ ಮೊದಲ ಭಾಗ, 2022ರ ಏಪ್ರಿಲ್‌ನಲ್ಲಿ ಎರಡನೇ ಭಾಗ. ಯಶ್ ಅವರ ಗಡ್ಡ, ಪ್ರಶಾಂತ್ ನೀಲ್ ಅವರ ಕತ್ತಲು-ಬೆಳಕು, ಸೈನೈಡ್ ದಿಬ್ಬಗಳ ಧೂಳು... ಎಲ್ಲವೂ ನಿಮಗೆ ಬಾಯಿಪಾಠ. ಸರಿ, ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಯಿಂದ ಬೆಂದು ಬೇಯುತ್ತಾ ಮೇಲೆ ಬಂದ ಆ ಕಾರ್ಮಿಕ ಕುಡೀತಿದ್ದ ನೀರು ಯಾವ ಊರಿನದು?

ಗೊತ್ತಿಲ್ಲ ಅಲ್ವಾ? ಬೇಜಾರು ಬೇಡ. ಗಣಿಯ ಪಕ್ಕದಲ್ಲೇ ಹುಟ್ಟಿ ಬೆಳೆದ ಎಷ್ಟೋ ಹುಡುಗರಿಗೂ ಗೊತ್ತಿಲ್ಲ. ಉತ್ತರ: ಬೇತಮಂಗಲ. ಪಾಲಾರ್ ನದಿಯ ದಂಡೆಯ ಒಂದು ಊರು. ಈಗ ಕೆ.ಜಿ.ಎಫ್. ತಾಲ್ಲೂಕಿಗೆ ಸೇರಿದೆ, ಹಿಂದೆ ಬಂಗಾರಪೇಟೆ ತಾಲ್ಲೂಕಿನಲ್ಲಿತ್ತು. ನಾಯಕನಟನಿಗೆ ಕಟೌಟು ನಿಲ್ಲಿಸುವ ನಾವು, ಸೆಟ್ಟಿನ ಹಿಂದೆ ನಿಂತು ನೀರು ಕೊಡುವ ಹುಡುಗನ ಹೆಸರು ಕೇಳೋದಿಲ್ಲ. ಚಿನ್ನದ ಕಥೆಯಲ್ಲಿ ಬೇತಮಂಗಲದ ಪಾತ್ರವೂ ಅಂಥದ್ದೇ. ಆ ಪಾತ್ರಧಾರಿಯನ್ನು ಕಂಡು ಬರೋಣವೆಂದೇ ಈ ವಾರ ಹೊರಟದ್ದು.

ನದಿ ಇಲ್ಲದ ಜಿಲ್ಲೆಯ ನದಿ

ಕೋಲಾರ ಜಿಲ್ಲೆಯವನೆಂದು ಬೆಂಗಳೂರಿನಲ್ಲಿ ಹೇಳಿಕೊಂಡರೆ ಮೊದಲು ಬರುವ ಮಾತು ‘ನಿಮ್ಮ ಕಡೆ ನೀರಿಲ್ಲ ಅಲ್ವಾ?’ ಎರಡನೆಯದು ‘ಟೊಮೇಟೊ ರೇಟು ಎಷ್ಟು?’ ವರ್ಷವಿಡೀ ಹರಿಯುವ ನದಿ ನಮಗಿಲ್ಲ, ಒಪ್ಪಿದೆ. ಆದರೆ ನದಿಯೇ ಇಲ್ಲ ಅನ್ನೋದು ಸುಳ್ಳು. ನಂದಿಬೆಟ್ಟದ ಸೀಮೆ ಐದು ನದಿಗಳ ತವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ, ಪಾಲಾರ್. ಈ ಐವರಲ್ಲಿ ಪಾಲಾರ್ ನಮ್ಮ ಜಿಲ್ಲೆಯ ನಡುವೆ ನಡೆದು, ಆಂಧ್ರದ ಮೂಲೆಯೊಂದನ್ನು ದಾಟಿ, ತಮಿಳುನಾಡಿನ ವೆಲ್ಲೂರು ಸೀಮೆಯನ್ನು ಹಾದು ಬಂಗಾಳ ಕೊಲ್ಲಿ ಸೇರುತ್ತದೆ. ಒಟ್ಟು 348 ಕಿಲೋಮೀಟರ್ ದಾರಿ. ಅದರಲ್ಲಿ 93 ಕಿಲೋಮೀಟರ್ ನಮ್ಮ ಕರ್ನಾಟಕದಲ್ಲಿ.

‘ಪಾಲ್’ ಅಂದರೆ ತಮಿಳಿನಲ್ಲಿ ಹಾಲು. ‘ಆರ್’ ಅಂದರೆ ಹೊಳೆ. ಹಾಲಿನ ಹೊಳೆ! ಹಳೆಯವರು ಸಂಸ್ಕೃತದಲ್ಲಿ ಕ್ಷೀರನದಿ ಅಂದರು. ಈಗ ಆ ಹೆಸರು ಡೇರಿ ಕ್ಯಾನುಗಳಿಗೆ ಹೆಚ್ಚು ಒಪ್ಪುತ್ತೆ. ನೀರಿಲ್ಲದ ಈ ಸೀಮೆಯ ರೈತ ಹಸುವಿನ ಕೆಚ್ಚಲನ್ನು ನಂಬಿ ಬದುಕಿದ್ದಾನೆ. ಬೆಳಿಗ್ಗೆ ಆರು ಗಂಟೆಗೆ ಯಾವ ಹಳ್ಳಿಯ ಡೇರಿ ಮುಂದೆ ನಿಂತರೂ ಹಾಲಿನ ಹೊಳೆ ಕಾಣುತ್ತೆ. ನೀರಿನ ಹೊಳೆ ಕಾಣಬೇಕಾದರೆ ಮಳೆಗಾಲಕ್ಕೆ ಕಾಯಬೇಕು.

ನಾನು ಮುಳಬಾಗಿಲಿನಲ್ಲಿ ದೋಸೆ ತಿಂದು (ಮುಳಬಾಗಿಲಿಗೆ ಹೋಗಿ ದೋಸೆ ತಿನ್ನದೆ ಬಂದವನನ್ನು ಮನುಷ್ಯ ಅಂತ ಕರೀಬಾರದು) ಕೆ.ಜಿ.ಎಫ್. ಕಡೆಯ ಬಸ್ಸು ಹತ್ತಿದೆ. ಟಿಕೆಟ್ ಹರಿಯುತ್ತಾ ಕಂಡಕ್ಟರ್ ಕೇಳಿದರು:

‘ಬೇತಮಂಗಲಾನಾ? ಸಂಬಂಧಿಕರು ಇದಾರಾ?’

‘ಇಲ್ಲಣ್ಣಾ, ಊರು ನೋಡೋಕೆ.’

‘ನೋಡೋಕಾ! ಅಲ್ಲೇನೈತೆ ನೋಡೋಕೆ? ಕೆರೆ ಐತೆ, ಅಷ್ಟೇ.’

ಅಷ್ಟೇ! ಸಾವಿರ ವರ್ಷದ ಇತಿಹಾಸಕ್ಕೆ ಎಷ್ಟು ಚಿಕ್ಕ ವಿಮರ್ಶೆ ನೋಡಿ.

ಏರಿಯ ಮೇಲೆ

ಊರಿಗೆ ಇಳಿದರೆ ನಿಮ್ಮನ್ನು ಬೆರಗುಗೊಳಿಸುವಂಥದ್ದು ಥಟ್ಟನೆ ಏನೂ ಕಾಣೋದಿಲ್ಲ. ಹೋಬಳಿ ಊರು ಹೇಗಿರಬೇಕೋ ಹಾಗೆ ಇದೆ. ಬೇಕರಿ, ಗೊಬ್ಬರದಂಗಡಿ, ಮೊಬೈಲ್ ರಿಪೇರಿ, ಕನ್ನಡ-ತೆಲುಗು-ತಮಿಳು ಮೂರೂ ಒಂದೇ ವಾಕ್ಯದಲ್ಲಿ ಕೂಡಿ ಬರುವ ಮಾತು. ವಿಜಯೇಂದ್ರಸ್ವಾಮಿ ಗುಡಿಗೆ ಹೋಗಿ ಕೈಮುಗಿದು ಕೆರೆಯ ಏರಿ ಹತ್ತಿದೆ. ಆಗ ನೋಡಿ, ಸಿನಿಮಾಸ್ಕೋಪ್ ತೆರೆ ತೆರೆದ ಹಾಗಾಯಿತು! ಪಾಲಾರ್ ನದಿಗೇ ಅಡ್ಡ ಕಟ್ಟಿದ ಕೆರೆ ಇದು. ಬಲಕ್ಕೆ ನೀರಿನ ಹರವು, ಎಡಕ್ಕೆ ತಗ್ಗಿನಲ್ಲಿ ಅಚ್ಚುಕಟ್ಟಿನ ಹಸಿರು. ನಡುವೆ ಏರಿಯ ಮೇಲೆ ನಡೆಯುವ ಮನುಷ್ಯ ಇರುವೆಯಷ್ಟು. ಹೊರಾಂಗಣ ಚಿತ್ರೀಕರಣಕ್ಕೆಂದು ಊರೂರು ಅಲೆಯುವ ನಿರ್ದೇಶಕ ಮಹಾಶಯರು ಇಲ್ಲಿ ಒಂದು ಸಂಜೆ ನಿಂತು ನೋಡಬೇಕು. ಸೂರ್ಯ ಮುಳುಗುವಾಗ ಲೈಟು ಬಾಡಿಗೆಗೆ ತರಬೇಕಾಗಿಲ್ಲ.

ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಒಬ್ಬ ತಾತ ಸಿಕ್ಕರು. ಟವೆಲ್ಲು ತಲೆಗೆ, ಬೀಡಿ ಕಿವಿಗೆ.

‘ಯಾವೂರಪ್ಪಾ?’

‘ಪತ್ರಿಕೆಗೆ ಬರೀತೀನಿ ತಾತಾ. ಸಿನಿಮಾ ಪತ್ರಿಕೆ.’

‘ಸಿನಿಮಾದೋರಿಗೆ ಕೆರೆ ಯಾತಕ್ಕೆ? ಈರೋಯಿನ್ನು ಸ್ನಾನಕ್ಕಾ?’ ಅಂತ ನಕ್ಕರು. ಆಮೇಲೆ ನನ್ನ ಪಕ್ಕದಲ್ಲಿ ಕೂತು ಕೆರೆಯ ಪಾಠ ಶುರು ಮಾಡಿದರು. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೆ ಯಾವ ಲೆಕ್ಚರರೂ ಇಷ್ಟು ಚೆನ್ನಾಗಿ ಅರ್ಥ ಮಾಡಿಸಿರಲಿಲ್ಲ.

ಕೆರೆ ಅಂದರೆ ಬರೀ ಗುಂಡಿಯಲ್ಲ. ನೀರು ತಡೆಯುವುದು ಏರಿ. ಬೇಕಾದಷ್ಟು ನೀರನ್ನು ಗದ್ದೆಗೆ ಬಿಡುವುದು ತೂಬು. ಹೆಚ್ಚಾದದ್ದು ಹೊರಗೆ ಹೋಗುವ ದಾರಿ ಕೋಡಿ. ಹಿಂದೆ ತೂಬು ಎತ್ತಿ ಇಳಿಸಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಯಾವತ್ತು ಎಷ್ಟು ನೀರು ಅನ್ನುವುದು ಅವನ ತೀರ್ಪು. ಗೌಡನ ಗದ್ದೆಯಾದರೂ ಸರಿ, ಬಡವನ ಗುಂಟೆಯಾದರೂ ಸರಿ, ಪಾಳಿ ಅಂದರೆ ಪಾಳಿ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಪಾಲು ಬರುತ್ತಿತ್ತು. ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಹೂಳು ತೆಗೆದ ಹಾಗಾಯಿತು. ಒಂದೇ ಟಿಕೆಟ್ಟಿಗೆ ಎರಡು ಆಟ!

ಇನ್ನೊಂದು ಮುಖ್ಯ ವಿಷಯ: ಈ ಕೆರೆ ಒಂಟಿಯಲ್ಲ. ಪಾಲಾರ್ ದಾರಿಯುದ್ದಕ್ಕೂ ಸಾಲುಕೆರೆಗಳು. ಮೇಲೆ ಮುದುವಾಡಿ, ನಡುವೆ ಬೇತಮಂಗಲ, ಕೆಳಗೆ ರಾಮಸಾಗರ. ಮೇಲಿನದು ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಮೇಲಿನ ಏರಿ ಒಡೆದರೆ ಕೆಳಗಿನವರ ಗತಿ ಗೋವಿಂದ. ಆ ನೀರೆಲ್ಲ ಒಟ್ಟಿಗೆ ನುಗ್ಗಿ ಬಂದು ಇಲ್ಲಿನ ಏರಿಯನ್ನೂ ಕಿತ್ತುಕೊಂಡು ಹೋಗುತ್ತದೆ. ಒಂದೂರಿನವರ ಸೋಮಾರಿತನಕ್ಕೆ ಇನ್ನೊಂದೂರು ಮುಳುಗುವ ಲೆಕ್ಕ. ಹೀಗಾಗಿ ಕೆರೆ ಕಟ್ಟಿದವನಷ್ಟೇ ಕೆರೆ ರಿಪೇರಿ ಮಾಡಿದವನೂ ದೊಡ್ಡವನು.

ಕಲ್ಲು ಹೇಳುವ ಫ್ಲ್ಯಾಷ್‌ಬ್ಯಾಕ್

ಈ ಮಾತು ತಾತನದು ಮಾತ್ರವಲ್ಲ, ಕಲ್ಲಿನದೂ ಹೌದು. ಬೇತಮಂಗಲದ ಹಳೆಯ ಹೆಸರು ವಿಜಯಾದಿತ್ಯಮಂಗಲ. ತಾವು ಬಲಿ ಚಕ್ರವರ್ತಿಯ ವಂಶದವರೆಂದು ಹೇಳಿಕೊಳ್ಳುತ್ತಿದ್ದ ಬಾಣ ಅರಸರು ಈ ಸೀಮೆಯನ್ನು ಆಳುತ್ತಿದ್ದರು. ಅವರಲ್ಲಿ ವಿಜಯಾದಿತ್ಯನೆಂಬ ಅರಸನ ಹೆಸರೇ ಊರಿಗೆ ಬಂತೆಂದು ಶಾಸನ ಓದಿದವರು ಹೇಳುತ್ತಾರೆ. ಬಾಯಿಂದ ಬಾಯಿಗೆ ಸವೆದು ಸವೆದು ವಿಜಯಾದಿತ್ಯನ ಹೆಸರು ಎರಡೇ ಅಕ್ಷರ ಉಳಿಯಿತು. ಮಂಗಲ ಮಾತ್ರ ಹಾಗೇ ಉಳಿಯಿತು.

ಬಾಣರು ಹೋದರು. ಕೆರೆ ಒಡೆಯಿತು. ಆಗ ಬಂದವನು ನೊಳಂಬರ ಅರಸ ಇರಿವ ನೊಳಂಬ. ಸುಮಾರು 950ನೇ ಇಸವಿಯ ಮಾತು. ಈತನ ಹೆಸರನ್ನು ಒಮ್ಮೆ ಸರಿಯಾಗಿ ಕೇಳಿಸಿಕೊಳ್ಳಿ: ‘ಇರಿವ’, ಅಂದರೆ ಇರಿಯುವವನು! ಇವತ್ತಿನ ಯಾವ ಆ್ಯಕ್ಷನ್ ಚಿತ್ರಕ್ಕೂ ಇಡಬಹುದಾದ ಟೈಟಲ್. ಮುಳಬಾಗಿಲು ಪಕ್ಕದ ಆವಣಿಯಲ್ಲಿ ರಾಮಲಿಂಗೇಶ್ವರ ಗುಡಿಗಳ ಗುಂಪನ್ನು ನೀವು ನೋಡಿರಬಹುದು. ಅವೂ ನೊಳಂಬರ ಕಾಲದ್ದೇ. ಇಂಥ ವಂಶದ ಕತ್ತಿವೀರ ಬೇತಮಂಗಲದಲ್ಲಿ ಏನು ಮಾಡಿದ? ಯಾರನ್ನೂ ಇರಿಯಲಿಲ್ಲ. ಒಡೆದುಹೋಗಿದ್ದ ದೊಡ್ಡ ಕೆರೆಯ ಏರಿಯನ್ನು ಮತ್ತೆ ಕಟ್ಟಿಸಿದ. ಈ ಊರಿನ ಪಾಲಿಗೆ ಅವನ ಹೆಸರು ಕಲ್ಲಿನ ಮೇಲೆ ನಿಂತದ್ದು ಆ ಮಣ್ಣಿನ ಕೆಲಸಕ್ಕೆ.

ಇನ್ನೂರು ವರ್ಷ ಕಳೆಯಿತು. ಕೆರೆ ಮತ್ತೆ ಒಡೆಯಿತು. ಈಗ ಹೊಯ್ಸಳರ ಕಾಲ. ಹನ್ನೆರಡನೇ ಶತಮಾನದಲ್ಲಿ ಚೊಕ್ಕಿಮಯ್ಯನೆಂಬ ದಂಡನಾಯಕ ಬಂದು ಅದನ್ನು ಮತ್ತೆ ಸರಿಮಾಡಿಸಿದ. ಈತನೂ ಯುದ್ಧದ ಮನುಷ್ಯ. ಸೈನ್ಯ ನಡೆಸುವವನು ಹಾರೆ-ಮಂಕರಿಯವರ ಮುಂದೆ ನಿಂತ.

ನೋಡಿದಿರಾ? ಬೇಲೂರಿನ ಹಾಗೆ ಇಲ್ಲಿ ಶಿಲಾಬಾಲಿಕೆಯರಿಲ್ಲ, ಹಂಪಿಯ ಹಾಗೆ ಕಲ್ಲಿನ ರಥವಿಲ್ಲ. ಇಲ್ಲಿರುವುದು ಒಂದು ಅಭ್ಯಾಸ. ಒಡೆದದ್ದನ್ನು ಮತ್ತೆ ಕಟ್ಟುವ ಅಭ್ಯಾಸ. ಬಾಣರು, ನೊಳಂಬರು, ಹೊಯ್ಸಳರು ಒಬ್ಬರನ್ನೊಬ್ಬರು ಹೊಡೆದಾಡಿಕೊಂಡರೂ ಕೆರೆಯ ವಿಷಯದಲ್ಲಿ ಮಾತ್ರ ಹಿಂದಿನವನು ಬಿಟ್ಟ ಕೆಲಸವನ್ನು ಮುಂದಿನವನು ಹಿಡಿದ. ನನ್ನನ್ನು ಕೇಳಿದರೆ ಬೇತಮಂಗಲದ ಆಸ್ತಿ ಇದೇ.

ರೈಲು ಬಂತು, ಊರು ಸೊರಗಿತು

ಎಲ್ಲ ಕಥೆಯಲ್ಲೂ ಇಂಟರ್‌ವಲ್ ಹೊತ್ತಿಗೆ ಒಂದು ತಿರುವು ಬರುತ್ತೆ. ಬೇತಮಂಗಲಕ್ಕೆ ಆ ತಿರುವು ರೈಲಿನ ರೂಪದಲ್ಲಿ ಬಂತು. ಮೊದಲು ಮದ್ರಾಸಿಗೆ ಹೋಗುವ ಹೆದ್ದಾರಿ ಈ ಊರಿನ ಮೇಲೇ ಹಾದುಹೋಗುತ್ತಿತ್ತು. ಬಂಡಿ, ಛತ್ರ, ವ್ಯಾಪಾರ ಎಲ್ಲ ಇಲ್ಲೇ. 1864ರಲ್ಲಿ ಮದ್ರಾಸಿನ ರೈಲು ಬೆಂಗಳೂರು ಮುಟ್ಟಿತು. ಹಳಿ ಬೇತಮಂಗಲವನ್ನು ಬಿಟ್ಟು ಬೇರೆ ಕಡೆ ಹೋಯಿತು. ಹಳಿಯ ಪಕ್ಕ ಹೊಸ ಪೇಟೆಯೊಂದು ಎದ್ದಿತು. ಆಗ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ ಬೌರಿಂಗ್‌ಪೇಟೆ; ನಮ್ಮ ಇವತ್ತಿನ ಬಂಗಾರಪೇಟೆ. ವ್ಯಾಪಾರ ಅಲ್ಲಿಗೆ ಹೋಯಿತು, ತಾಲ್ಲೂಕು ಕಚೇರಿಯೂ ಅಲ್ಲಿಗೆ ಹೋಯಿತು. ಬೇತಮಂಗಲದ ಪಾಲಿಗೆ ಉಳಿದದ್ದು ನದಿ ಮತ್ತು ಕೆರೆ.

ಆ ನೀರೇ ಆಮೇಲೆ ಬೆಲೆಬಾಳಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಗಣಿ ಕೆಲಸ ಕೈಗೆ ತೆಗೆದುಕೊಂಡಿತು. ಚಿನ್ನ ಉಕ್ಕಿತು. ಸಾವಿರಾರು ಜನ ಬಂದು ಸೇರಿದರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬೆಂಗಳೂರಿಗಿಂತ ಮೊದಲೇ ಕೆ.ಜಿ.ಎಫ್.ಗೆ ಬೆಳಕು! ಅದನ್ನು ಎಲ್ಲರೂ ಹೇಳುತ್ತಾರೆ. ಕರೆಂಟಿನಿಂದ ದಾಹ ಹೋಗುತ್ತದೆಯೇ? ಅದೇ ಕಾಲದಲ್ಲಿ, ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ, ಬೇತಮಂಗಲದಲ್ಲಿ ವಾಟರ್ ವರ್ಕ್ಸ್ ಎದ್ದಿತು. ಪಾಲಾರ್ ನೀರನ್ನು ಶುದ್ಧಿ ಮಾಡಿ ಪೈಪಿನಲ್ಲಿ ಗಣಿಯೂರಿಗೆ ಪಂಪು ಮಾಡಿದರು. ವಿಜಯಾದಿತ್ಯನ ಊರಿನ ನೀರು, ನೊಳಂಬನೂ ಚೊಕ್ಕಿಮಯ್ಯನೂ ಕಾಪಾಡಿಕೊಟ್ಟ ನೀರು, ಸಾಹೇಬರ ಬಂಗಲೆಯ ಟಬ್ಬಿಗೂ ಕಾರ್ಮಿಕರ ಲೈನುಮನೆಯ ಕೊಡಕ್ಕೂ ಹೋಯಿತು.

ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನದ ಕಥೆಗೆ ‘ಶುಭಂ’ ಬಿತ್ತು. ನೀರಿನ ಕಥೆಗೆ ಬೀಳಲಿಲ್ಲ. ಚಿನ್ನ ಬಿಟ್ಟು ಬದುಕಿದವರನ್ನು ನೋಡಿದ್ದೇವೆ, ನೀರು ಬಿಟ್ಟು ಬದುಕಿದವರನ್ನು ತೋರಿಸಿ ನೋಡೋಣ.

ಮುಳಬಾಗಿಲ ಹುಡುಗಿಯ ನದಿ

ಸಿನಿಮಾ ಪತ್ರಿಕೆಯಲ್ಲಿ ನಟಿಯ ಮಾತಿಲ್ಲದೆ ಮುಗಿಸಿದರೆ ಸಂಪಾದಕರು ಬಿಡುತ್ತಾರೆಯೇ? ಆದರೆ ಇದು ಬಲವಂತದ ಸಂಬಂಧವಲ್ಲ.

ನಮ್ಮ ಸೌಂದರ್ಯ ಗೊತ್ತಲ್ಲ? ಮುಳಬಾಗಿಲ ಹುಡುಗಿ. ತೆಲುಗಿನಲ್ಲಿ ರಾಣಿಯಂತೆ ಮೆರೆದವರು. ‘ಆಪ್ತಮಿತ್ರ’ದಲ್ಲಿ ಆಕೆ ಕುಣಿದದ್ದನ್ನು ನೋಡಿ ಟಾಕೀಸಿನಲ್ಲಿ ನಾಣ್ಯ ಎರಚಿದವರು ಇನ್ನೂ ಇದ್ದಾರೆ. ಆ ಚಿತ್ರ ತೆರೆಗೆ ಬರುವ ಹೊತ್ತಿಗೆ ಆಕೆಯೇ ಇರಲಿಲ್ಲ. 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ದುರಂತದಲ್ಲಿ ಹೊರಟುಹೋದರು. ಇಷ್ಟು ಎಲ್ಲರಿಗೂ ಗೊತ್ತು. ಆಕೆ ಕೈಯಾರೆ ಹಣ ಹಾಕಿ ಕನ್ನಡದಲ್ಲಿ ಒಂದು ಚಿತ್ರ ತೆಗೆದರು: ‘ದ್ವೀಪ’. ನಾ. ಡಿ’ಸೋಜ ಅವರ ಕಾದಂಬರಿ, ಗಿರೀಶ್ ಕಾಸರವಳ್ಳಿಯವರ ನಿರ್ದೇಶನ. ರಾಷ್ಟ್ರಮಟ್ಟದಲ್ಲಿ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲ ಗೆದ್ದ ಚಿತ್ರ. ಅಣೆಕಟ್ಟಿನ ನೀರು ಏರಿ ಏರಿ ಬರುವಾಗ ಊರು ಬಿಡಲೊಲ್ಲದ ಒಂದು ಮನೆಯ ಕಥೆ. ಮಲೆನಾಡಿನ ಮಳೆ ತೆರೆಯ ಮೇಲೆ ಸುರಿಯುತ್ತಲೇ ಇರುತ್ತದೆ.

ಹನಿ ನೀರಿಗೆ ಬೋರ್‌ವೆಲ್ ಕೊರೆಸುವ ಮುಳಬಾಗಿಲ ಸೀಮೆಯ ಹುಡುಗಿ, ಕೋಟಿ ಕೊಡುವ ಮಸಾಲೆ ಚಿತ್ರಗಳ ನಡುವೆ, ನೀರು ಮತ್ತು ಊರಿನ ಈ ಕಥೆಯನ್ನು ಆರಿಸಿಕೊಂಡರು! ಬೇತಮಂಗಲದ ಏರಿಯ ಮೇಲೆ ಕೂತಾಗ ನನಗೆ ‘ದ್ವೀಪ’ದ ನೆನಪೇ ಬಂತು. ಅಲ್ಲಿ ನೀರು ಹೆಚ್ಚಾಗಿ ಊರು ಹೋಗುತ್ತದೆ. ಇಲ್ಲಿ ನೀರು ಕಡಿಮೆಯಾಗಿ ಊರು ಹೋಗುತ್ತದೆ. ಎರಡೂ ಕಡೆ ಮನೆಯವರ ಮುಖದ ಮೇಲಿನ ಗೆರೆ ಒಂದೇ.

ಈಗೇನು ಗತಿ?

ಪಾಲಾರ್‌ಗೆ ಏನಾಯಿತು ಅನ್ನೋದನ್ನು ಪತ್ತೇದಾರಿ ಚಿತ್ರ ಮಾಡಿದರೆ ಖಳನಾಯಕ ಒಬ್ಬನಲ್ಲ. ನೀರು ಬಸಿದು ಬರಬೇಕಾದ ಬಯಲಿನಲ್ಲಿ ನೀಲಗಿರಿ ನೆಟ್ಟರು. 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದೆಂದು ನಿಷೇಧ ಹಾಕುವ ಹೊತ್ತಿಗೆ ಜಿಲ್ಲೆಯ ತುಂಬ ಅದೇ ಆಗಿತ್ತು. ರಾಜಕಾಲುವೆಗಳನ್ನು ಮುಚ್ಚಿಕೊಂಡರು. ಹೊಳೆಯ ಮರಳು ಮುಗಿದ ಮೇಲೆ ಮಣ್ಣನ್ನೇ ತೊಳೆದು ‘ಫಿಲ್ಟರ್ ಮರಳು’ ತೆಗೆದರು. ರಾತ್ರಿ ಲಾರಿ ತುಂಬಿದ ಹುಡುಗರೂ ನಮ್ಮವರೇ, ಹೊಟ್ಟೆಪಾಡು. ಬೋರ್‌ವೆಲ್ ಬಂದ ಮೇಲೆ ನೀರುಗಂಟಿ ಯಾರಿಗೆ ಬೇಕು? ಅವನವನ ಮೋಟರು ಅವನವನಿಗೆ. ಸಾವಿರ ಅಡಿ, ಸಾವಿರದೈನೂರು ಅಡಿ... ಗಣಿ ಮುಚ್ಚಿದ ಜಿಲ್ಲೆಯಲ್ಲಿ ಈಗ ನೀರಿಗಾಗಿ ಗಣಿ ತೋಡುತ್ತಿದ್ದೇವೆ.

ಸರ್ಕಾರ ಸುಮ್ಮನೆ ಕೂತಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಬೆಂಗಳೂರಿನ ಕೊಳಚೆಯನ್ನು ಶುದ್ಧಿ ಮಾಡಿ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆ ತುಂಬಿಸುವ ಯೋಜನೆ. ಎರಡು ಹಂತ ಶುದ್ಧಿ ಸಾಲದು, ಮೂರನೇ ಹಂತವೂ ಬೇಕೆಂಬ ಕೂಗು ಕೋರ್ಟಿನವರೆಗೆ ಹೋಯಿತು. ಕೆರೆ ತುಂಬಿದ್ದು ನಿಜ, ರೈತನಿಗೆ ಉಸಿರು ಬಂದದ್ದೂ ನಿಜ. ಅನುಮಾನ ಉಳಿದದ್ದೂ ಅಷ್ಟೇ ನಿಜ. 2023ರಲ್ಲಿ ಮಾರ್ಕಂಡೇಯ ನದಿಯ ಯರಗೋಳ್ ಅಣೆಕಟ್ಟು ಉದ್ಘಾಟನೆಯಾಯಿತು. ಕೋಲಾರ, ಮಾಲೂರು, ಬಂಗಾರಪೇಟೆಗೆ ಕುಡಿಯುವ ನೀರು ಕೊಡಲೆಂದು ಕಟ್ಟಿದ್ದು. ಎತ್ತಿನಹೊಳೆಯ ನೀರಿಗೆ ಶ್ರೀನಿವಾಸಪುರದ ಮಾವಿನ ತೋಪಿನವರೂ ಕಾಯುತ್ತಲೇ ಇದ್ದಾರೆ.

ಪ್ರಕೃತಿಯೂ ಆಗಾಗ ಅತಿಥಿ ಪಾತ್ರದಲ್ಲಿ ಬಂದು ಹೋಗುತ್ತದೆ. 2021ರ ನವೆಂಬರಿನಲ್ಲಿ ಸುರಿದ ಮಳೆಗೆ ಪಾಲಾರ್ ಉಕ್ಕಿ ವೆಲ್ಲೂರಿನವರೆಗೂ ಕೆಂಪಗೆ ಹರಿಯಿತು. ಕೋಡಿ ಹರಿದರೆ ಈ ಕಡೆ ಅದು ಹಬ್ಬ. ಗಂಗಮ್ಮನಿಗೆ ಬಾಗಿನ, ಮಕ್ಕಳಿಗೆ ಮೀನು, ಹುಡುಗರಿಗೆ ಸೆಲ್ಫಿ. ‘ಕೋಡಿ ಬಿದ್ದ ದಿವ್ಸ ಸಿನಿಮಾ ಟಾಕೀಸ್ ಖಾಲಿ ಕಣಪ್ಪಾ, ಎಲ್ಲಾ ಇಲ್ಲೇ’ ಅಂದರು ತಾತ. ಹಬ್ಬ ಮುಗಿದ ಮೇಲೆ ಏರಿಯ ಮೇಲಿನ ಜಾಲಿಗಿಡ ಯಾರು ಕೀಳೋರು ಅಂತ ಕೇಳಿದೆ. ಬೀಡಿ ಕಿವಿಯಿಂದ ಬಾಯಿಗೆ ಬಂತು. ಉತ್ತರ ಬರಲಿಲ್ಲ.

ಈ ನಡುವೆ ಬಿಟ್ಟುಹೋಗಿದ್ದ ಹೆದ್ದಾರಿ ಈ ಊರಿನ ಕಡೆಗೆ ವಾಪಸು ಬಂದಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹೊಸಕೋಟೆಯಿಂದ ಈ ಕಡೆಗಿನ ಸುಮಾರು 71 ಕಿಲೋಮೀಟರ್ ಭಾಗ 2024ರ ಕೊನೆಯಲ್ಲಿ ಓಡಾಟಕ್ಕೆ ಬಿಟ್ಟರು. ರಸ್ತೆ ಬಂದರೆ ಸೈಟು ಬರುತ್ತೆ, ಸೈಟು ಬಂದರೆ ಕೆರೆಯ ಅಂಗಳಕ್ಕೆ ಕಣ್ಣು ಬೀಳುತ್ತೆ. ನೂರಾ ಅರವತ್ತು ವರ್ಷ ಊರನ್ನು ಮರೆತಿದ್ದ ದಾರಿ ಈಗ ನೆನಪಿಸಿಕೊಂಡದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಇನ್ನು ಹತ್ತು ವರ್ಷದಲ್ಲಿ ತಿಳಿಯುತ್ತದೆ.

ಅಭಿಮಾನಿ ದೇವರುಗಳಲ್ಲಿ ಅರಿಕೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ: ನಾಲ್ಕೂ ಬಸ್ ಸ್ಟ್ಯಾಂಡುಗಳಲ್ಲಿ ಈ ಪತ್ರಿಕೆ ಕೊಳ್ಳುವ ಗೆಳೆಯರೇ, ನಮ್ಮ ಜಿಲ್ಲೆ ಸಾಮಾನ್ಯದ್ದಲ್ಲ. ಮಾಲೂರು ತಾಲ್ಲೂಕು 1983ರ ಜ್ಞಾನಪೀಠ ತಂದ ಮಾಸ್ತಿಯವರ ಸೀಮೆ. ಅವರ ‘ಕಾಕನಕೋಟೆ’ಯನ್ನು ಸಿ.ಆರ್. ಸಿಂಹ ಸಿನಿಮಾ ಮಾಡಿದರು. ಮುಳಬಾಗಿಲು ಡಿ.ವಿ.ಜಿ.ಯವರ ಹುಟ್ಟೂರು. ಇವುಗಳ ಪಟ್ಟಿ ಎಲ್ಲ ಪುಸ್ತಕದಲ್ಲೂ ಸಿಗುತ್ತೆ. ಬೇತಮಂಗಲ ಮಾತ್ರ ಪಟ್ಟಿಯಲ್ಲಿಲ್ಲ. ಒಂದು ಭಾನುವಾರ ಹೋಗಿ ಬನ್ನಿ. ಮುಳಬಾಗಿಲಿನಿಂದಲೂ ಕೆ.ಜಿ.ಎಫ್.ನಿಂದಲೂ ಬಸ್ಸಿದೆ. ಸಂಜೆ ಏರಿಯ ಮೇಲೆ ಇರಿ. ಹತ್ತು ರೂಪಾಯಿಯ ಕಡಲೆಕಾಯಿ ಸಾಕು.

ಹೀರೋ ಚಿತ್ರ ಬಿಡುಗಡೆಯಾದ ದಿನ ನಾವು ಕಟೌಟಿಗೆ ಕೊಡಗಟ್ಟಲೆ ಹಾಲು ಸುರಿಯುತ್ತೇವೆ. ಸುರಿಯೋಣ, ಅಭಿಮಾನಕ್ಕೆ ಲೆಕ್ಕ ಬೇಡ. ಆದರೆ ಹಾಲಿನ ಹೆಸರಿನದೇ ಒಂದು ಹೊಳೆ ನಮ್ಮ ಜಿಲ್ಲೆಯಲ್ಲಿದೆ. ಅದರ ಏರಿಯ ಮೇಲೆ ಜಾಲಿ ಬೆಳೆದಿದೆ. ಬೇರು ಇಳಿದರೆ ಬಿರುಕು, ಬಿರುಕು ಬಿಟ್ಟರೆ ಒಡಕು. ಪ್ರತಿ ಊರಲ್ಲೂ ಅಭಿಮಾನಿ ಸಂಘವಿದೆ, ಸಂಘದಲ್ಲಿ ಐವತ್ತು ಜನ ಗಟ್ಟಿ ತೋಳಿನವರಿದ್ದಾರೆ. ವರ್ಷಕ್ಕೆ ಒಂದು ದಿನ, ಹೀರೋ ಹುಟ್ಟಿದ ದಿನವೇ ಆಗಲಿ, ಮಚ್ಚು-ಗುದ್ದಲಿ ಹಿಡಿದು ಹತ್ತಿರದ ಕೆರೆಯ ಏರಿ ಹತ್ತಿದರೆ ಹೇಗೆ? ರಕ್ತದಾನ ಮಾಡೋ ಹುಡುಗರಿಗೆ ಇದೇನು ದೊಡ್ಡ ಕೆಲಸ!

ಇರಿವ ನೊಳಂಬ ಗೆದ್ದ ಯುದ್ಧಗಳ ಹೆಸರು ಬೇತಮಂಗಲದಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅವನು ಕಟ್ಟಿಸಿದ ಏರಿಯ ಮೇಲೆ ಇವತ್ತಿಗೂ ಎಮ್ಮೆ ನಡೆಯುತ್ತದೆ. ಅವನಾದ ಮೇಲೆ ಚೊಕ್ಕಿಮಯ್ಯ ಬಂದ. ಚೊಕ್ಕಿಮಯ್ಯನಾದ ಮೇಲಿನ ಜಾಗ ಇನ್ನೂ ಖಾಲಿ ಇದೆ, ಗೆಳೆಯರೇ.